ಕಾಲೇಜಿನ ಹೊರಗಣ ವಿದ್ಯೆಗೆ ಪದವಿಯ ಮನ್ನಣೆ



ಪ್ರತಿವರ್ಷವೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಊರೂರಿನ ಪ್ರಥಮದರ್ಜೆ ಕಾಲೇಜುಗಳ ಮುಂದೆ ಹುಡುಗ ಹುಡುಗಿಯರು ಅರ್ಜಿ ಹಿಡಿದು ಸಾಲುಗಟ್ಟುವ ದಿನಗಳಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಆ ಸಾಲಿನಲ್ಲಿ ಬಂದು ನಿಲ್ಲದೆ ಉಳಿಯುವ ಒಂದು ದೊಡ್ಡ ಸಮುದಾಯ ನಮ್ಮ ನಾಡಿನಲ್ಲಿ ಉಂಟು. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹುಡುಗಿ, ರಾಮನಗರದ ಫಿಲೇಚರಿನಲ್ಲಿ ನೂಲು ತೆಗೆಯುವ ಯುವಕ, ಮಂಡಿಯಲ್ಲಿ ಲೆಕ್ಕ ಬರೆಯುವವನು, ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದವಳು, ತಂದೆ ತೀರಿಕೊಂಡ ಮೇಲೆ ಎರಡೆಕರೆ ಜಮೀನಿನ ಭಾರವನ್ನು ಹೆಗಲಿಗೇರಿಸಿಕೊಂಡ ಹಿರಿಯ ಮಗ, ಇವರೆಲ್ಲರೂ ಆ ಸಮುದಾಯಕ್ಕೆ ಸೇರಿದವರು. ಇವರಲ್ಲಿ ಅನೇಕರಿಗೆ ಓದುವ ಆಸೆಯೂ ಉಂಟು, ಶಕ್ತಿಯೂ ಉಂಟು. ಇಲ್ಲದಿರುವುದು ಮೂರು ವರ್ಷಗಳ ಕಾಲ ಬೆಳಗಿನಿಂದ ಸಂಜೆಯವರೆಗೆ ತರಗತಿಯ ಬೆಂಚಿನ ಮೇಲೆ ಕುಳಿತಿರುವ ಅನುಕೂಲವೊಂದೇ. ಇಂದಿನ ನನ್ನ ಬಾನುಲಿ ಭಾಷಣ ಅವರನ್ನೂ, ಅವರ ಅಣ್ಣಂದಿರು, ಅಕ್ಕಂದಿರು, ಅತ್ತೆ ಮಾವಂದಿರನ್ನೂ ಉದ್ದೇಶಿಸಿದ್ದು.

ಪದವಿಯ ವೆಚ್ಚವೆಂದೊಡನೆ ನಮ್ಮ ಮನಸ್ಸಿಗೆ ಶುಲ್ಕದ ರಸೀತಿ ಬರುತ್ತದೆ. ವಾಸ್ತವದಲ್ಲಿ ಸರ್ಕಾರಿ ಕಾಲೇಜಿನ ಬಿ.ಎ. ತರಗತಿಯ ಶುಲ್ಕ ಒಂದು ಸಾಧಾರಣ ಸಂಸಾರವನ್ನು ಮುಳುಗಿಸತಕ್ಕಷ್ಟು ದೊಡ್ಡದಲ್ಲ. ಮುಳುಗಿಸುವುದು ಬೇರೆಯದು: ಕೈಬಿಟ್ಟ ಕೂಲಿ, ತಾಲ್ಲೂಕು ಕೇಂದ್ರದಲ್ಲಿ ಹಿಡಿಯಬೇಕಾದ ಕೋಣೆಯ ಬಾಡಿಗೆ, ಊಟ, ಬಸ್ಸಿನ ಖರ್ಚು, ಇವೆಲ್ಲಕ್ಕಿಂತ ಮಿಗಿಲಾಗಿ ಮನೆಯಲ್ಲಿ ದುಡಿಯುವ ಎರಡು ಕೈಗಳು ಮೂರು ವರ್ಷ ಇಲ್ಲವಾಗುವುದು. ಶುಲ್ಕವನ್ನು ಮನ್ನಾ ಮಾಡಬಹುದು, ವಿದ್ಯಾರ್ಥಿವೇತನವನ್ನು ಕೊಡಬಹುದು. ಹೊತ್ತನ್ನು ಯಾವ ಸರ್ಕಾರವೂ ಹಿಂದಿರುಗಿಸಿ ಕೊಡಲಾರದು. ಆದುದರಿಂದ ಬಡವರಿಗೆ ಎಟುಕುವ ಪದವಿಯನ್ನು ಕುರಿತು ಯೋಚಿಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಒಬ್ಬನು ಕಾಲೇಜಿನ ಕಟ್ಟಡದ ಹೊರಗೆ, ತನ್ನ ಬಿಡುವಿನಲ್ಲಿ, ತನ್ನ ಶ್ರಮದಿಂದ ಸಂಪಾದಿಸಿದ ವಿದ್ಯೆಯನ್ನು ವಿಶ್ವವಿದ್ಯಾನಿಲಯವು ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದೋ ಇಲ್ಲವೋ ಎಂಬುದೇ ಆಗಿದೆ.

ಈ ಪ್ರಶ್ನೆ ಹೊಸದಲ್ಲ. ವಿಶ್ವವಿದ್ಯಾನಿಲಯಕ್ಕೆ ಕಲಿಸುವುದು, ಪರೀಕ್ಷಿಸುವುದು ಎಂಬ ಎರಡು ಧರ್ಮಗಳುಂಟು. ಇವೆರಡೂ ಒಂದೇ ಸೂರಿನಡಿ ನಡೆಯಲೇಬೇಕೆಂಬ ನಿರ್ಬಂಧವಿಲ್ಲವೆಂಬುದನ್ನು ಆಧುನಿಕ ಕಾಲದಲ್ಲಿ ಮೊದಲು ಧೈರ್ಯವಾಗಿ ಒಪ್ಪಿಕೊಂಡವರಲ್ಲಿ ಲಂಡನ್ ವಿಶ್ವವಿದ್ಯಾನಿಲಯದವರು ಅಗ್ರಗಣ್ಯರು. 1836ರಲ್ಲಿ ಸನ್ನದು ಪಡೆದ ಆ ಸಂಸ್ಥೆಯು 1858ರಲ್ಲಿ ಹೊಸ ಸನ್ನದೊಂದನ್ನು ಪಡೆದು, ವೈದ್ಯಶಾಸ್ತ್ರವನ್ನು ಬಿಟ್ಟು ಉಳಿದ ವಿಷಯಗಳಲ್ಲಿ, ಯಾವ ಕಾಲೇಜಿನ ಹಾಜರಿಪುಸ್ತಕದಲ್ಲಿಯೂ ಹೆಸರಿಲ್ಲದವನು ಕೂಡ ತನ್ನ ಪರೀಕ್ಷೆಗೆ ಕೂರಬಹುದೆಂದು ಸಾರಿತು. ನಮ್ಮ ದೇಶದ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಅದೇ ಲಂಡನ್ನಿನ ಮಾದರಿಯಲ್ಲಿ 1857ರಲ್ಲಿ ಹುಟ್ಟಿದವು. ಅಂದರೆ ಮಾದರಿಯು ತನ್ನ ಬಾಗಿಲನ್ನು ತೆರೆದುದಕ್ಕೆ ಕೇವಲ ಒಂದು ವರ್ಷ ಮುಂಚೆ. ಹೀಗಾಗಿ ಸಂಯೋಜಿತ ಕಾಲೇಜಿನಲ್ಲಿ ಓದಿದವನಿಗೇ ಪದವಿಯೆಂಬ ಹಳೆಯ ಕಟ್ಟಳೆ ನಮ್ಮಲ್ಲಿ ಬೇರೂರಿ ನಿಂತಿತು. ಅಲ್ಲಿ ತೆಗೆದುಹಾಕಿದ ಬೇಲಿಯನ್ನು ಇಲ್ಲಿ ನಾವು ನೂರು ವರ್ಷ ಕಾಯ್ದುಕೊಂಡು ಬಂದೆವು. ಎಷ್ಟು ಮಂದಿ ಜಾಣರು ಆ ಬೇಲಿಯ ಆಚೆಯೇ ಉಳಿದರೆಂಬುದನ್ನು ನೆನೆದರೆ ನನ್ನ ಮನಸ್ಸಿಗೆ ನೋವಾಗುತ್ತದೆ. ಲಂಡನ್ನಿನ ಈ ಬಾಹ್ಯ ಪರೀಕ್ಷೆಯ ಪಾಠಗಳನ್ನೇ ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾ ಅವರು ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕಾನೂನು ಪದವಿಗಾಗಿ ಓದಿದರು. ಕಡೆಗೆ ಆ ಪದವಿ ಅವರಿಗೆ ಕೈಗೂಡಿದ್ದು 1989ರಲ್ಲಿ, ಅದೂ ದಕ್ಷಿಣ ಆಫ್ರಿಕ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದ ಮೂಲಕ. ಸೆರೆಮನೆಯ ಗೋಡೆಯನ್ನು ದಾಟಬಲ್ಲ ವಿದ್ಯಾಕ್ರಮವು ಹೊಲಿಗೆಯ ಯಂತ್ರದ ಬಳಿಗೆ ಬರಲಾರದೆಂದು ಹೇಳುವುದು ಹೇಗೆ?

ಕಾಲೇಜಿನ ಹೊರಗೆ ಕಲಿತು ಪರೀಕ್ಷೆಗೆ ಕೂರುವ ಪದ್ಧತಿ ಕನ್ನಡಿಗರಿಗೆ ಅಪರಿಚಿತವೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತು ನಡೆಸಿಕೊಂಡು ಬಂದಿರುವ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನು ನೆನೆಯಿರಿ. ಹಳ್ಳಿಯ ಉಪಾಧ್ಯಾಯರೂ, ಗುಮಾಸ್ತರೂ, ಗೃಹಿಣಿಯರೂ ಹಗಲು ತಮ್ಮ ತಮ್ಮ ಕೆಲಸಗಳನ್ನು ಮುಗಿಸಿ, ರಾತ್ರಿ ಹಳಗನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಛಂದಸ್ಸನ್ನೂ ಅಭ್ಯಾಸಮಾಡಿ ಆ ಪರೀಕ್ಷೆಗಳಿಗೆ ಕಟ್ಟುತ್ತಿದ್ದರು. ಹಿಂದಿ ಪ್ರಚಾರ ಸಭೆಗಳ ಪರೀಕ್ಷೆಗಳೂ ಹೀಗೆಯೇ ಮನೆಮನೆಗಳಲ್ಲಿ ಓದಿಸಿದವು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಪ್ರಚಾರೋಪನ್ಯಾಸಗಳಿಂದಲೂ, ಚಿಕ್ಕಚಿಕ್ಕ ಪುಸ್ತಕಗಳಿಂದಲೂ ಊರೂರಿಗೆ ವಿದ್ಯೆಯನ್ನು ಒಯ್ದಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಆ ಮಹನೀಯರ ಉದ್ಯಮದ ಫಲವಾಗಿಯೇ ಇಂದು ನನ್ನಂಥವರ ಮಾತು ನಿಮ್ಮ ಮನೆಗೆ ಬರುವುದು ಸಾಧ್ಯವಾಗಿದೆ. ಆದರೆ ಇವೆಲ್ಲದರಲ್ಲಿಯೂ ಒಂದು ಕೊರತೆಯಿದ್ದಿತು. ರತ್ನ ಪರೀಕ್ಷೆಯನ್ನು ಗೆದ್ದವನ ಪಾಂಡಿತ್ಯವನ್ನು ಊರು ಗೌರವಿಸಿತೇ ಹೊರತು, ಅದೇ ಪಾಂಡಿತ್ಯ ಬಿ.ಎ. ಪದವಿಯ ಒಂದು ಭಾಗವಾಗಿ ಎಣಿಕೆಗೆ ಬರಲಿಲ್ಲ. ಪದವಿ ಬೇಕಾದರೆ ಅವನು ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕಾಗಿತ್ತು.

ಬೇರೆ ಬೇರೆ ಕಡೆ ಕಲಿತ ವಿದ್ಯೆಯನ್ನು ಒಂದೆಡೆ ಕೂಡಿಸಬೇಕಾದರೆ ಅದನ್ನು ಅಳೆಯುವ ಒಂದು ಮಾನ ಬೇಕು. ಕಾಳು ಯಾರ ಹೊಲದಲ್ಲಿ ಬೆಳೆದದ್ದಾದರೂ ಕಣದಲ್ಲಿ ಅಳೆಯುವ ಕೊಳಗ ಒಂದೇ ಆಗಿರುವಂತೆ, ಪಾಠ ಎಲ್ಲಿ ನಡೆದದ್ದಾದರೂ ಅದನ್ನು ಅಳೆಯುವ ಮಾನಕ್ಕೆ ಇಂದು ಕ್ರೆಡಿಟ್ ಎಂದು ಹೆಸರು. ಇದರ ಚರಿತ್ರೆ ಸ್ವಾರಸ್ಯವಾಗಿದೆ. ಉಕ್ಕಿನ ಉದ್ಯಮದಲ್ಲಿ ಅಪಾರ ಸಂಪತ್ತನ್ನು ಗಳಿಸಿದ ಆಂಡ್ರ್ಯೂ ಕಾರ್ನೆಗಿಯು 1905ರಲ್ಲಿ ಅಮೆರಿಕದ ಪ್ರಾಧ್ಯಾಪಕರ ನಿವೃತ್ತಿವೇತನಕ್ಕಾಗಿ ಒಂದು ಕೋಟಿ ಡಾಲರುಗಳನ್ನು ದಾನಮಾಡಿದನು. ಈ ನಿಧಿಯ ಪ್ರಯೋಜನವನ್ನು ಯಾವ ಕಾಲೇಜಿನವರಿಗೆ ಕೊಡಬೇಕೆಂಬ ಪ್ರಶ್ನೆ ಬಂದಾಗ, ಕಾಲೇಜೆಂದರೇನು, ಅಲ್ಲಿಗೆ ಬರುವ ವಿದ್ಯಾರ್ಥಿ ಪ್ರೌಢಶಾಲೆಯಲ್ಲಿ ಎಷ್ಟು ಓದಿರಬೇಕು ಎಂಬುದನ್ನು ನಿಷ್ಕರ್ಷೆ ಮಾಡಬೇಕಾಯಿತು. ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆ ಓದಿದರೆ ಒಂದು ಘಟಕ, ಅಂಥ 14 ಘಟಕಗಳು ಪ್ರವೇಶಕ್ಕೆ ಆವಶ್ಯಕ ಎಂಬ ಗೊತ್ತುಪಾಡು ಆಗ ಏರ್ಪಟ್ಟಿತು. ವೃದ್ಧ ಪ್ರಾಧ್ಯಾಪಕರ ಜೀವನೋಪಾಯಕ್ಕಾಗಿ ಹುಟ್ಟಿದ ಲೆಕ್ಕವು ಪ್ರಪಂಚದ ವಿದ್ಯಾಭ್ಯಾಸದ ಅಳತೆಗೋಲಾಗಿ ಬೆಳೆಯಿತು. ಅದು ಅಳೆದದ್ದು ವಿದ್ಯಾರ್ಥಿ ಕುಳಿತ ಹೊತ್ತನ್ನು, ತಿಳಿದ ತಿಳಿವನ್ನಲ್ಲ ಎಂಬ ಆಕ್ಷೇಪಣೆ ಅಂದಿನಿಂದಲೂ ಇದೆ, ಮತ್ತು ಅದು ನ್ಯಾಯವಾದ ಆಕ್ಷೇಪಣೆ. ಆದರೂ ವಿದ್ಯೆಯನ್ನು ಬಿಡಿಬಿಡಿಯಾಗಿ ಎಣಿಸಬಹುದು, ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದು ಎಂಬ ಭಾವನೆ ಆ ಲೆಕ್ಕದಿಂದಲೇ ಬಲವಾಯಿತು.

ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದಾಗ ಅಮೆರಿಕದವರು ಈ ಭಾವನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಸೈನ್ಯದಲ್ಲಿ ರೇಡಿಯೋ ದುರಸ್ತಿಯನ್ನೋ, ನಕ್ಷೆ ಬರೆಯುವುದನ್ನೋ, ಪರಭಾಷೆಯನ್ನೋ ಕಲಿತು ಬಂದವನನ್ನು ಏನೂ ಅರಿಯದ ಹುಡುಗನೊಡನೆ ಕೂರಿಸುವುದು ಅನ್ಯಾಯವೆಂದು ಬಗೆದು, ಅಲ್ಲಿನ ಶಿಕ್ಷಣ ಪರಿಷತ್ತು 1945ರಿಂದ ಸೇನಾ ತರಬೇತಿಯನ್ನು ಪರಿಶೀಲಿಸಿ ಇಂತಿಷ್ಟು ಕ್ರೆಡಿಟ್ಟಿಗೆ ಸಮವೆಂದು ಶಿಫಾರಸು ಮಾಡತೊಡಗಿತು. 1967ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ‘ಕ್ಲೆಪ್’ ಎಂಬ ಪರೀಕ್ಷೆಗಳನ್ನು ಪ್ರಾರಂಭಿಸಿತು. ಇತಿಹಾಸವನ್ನೋ ಗಣಿತವನ್ನೋ ಅರ್ಥಶಾಸ್ತ್ರವನ್ನೋ ಗ್ರಂಥಾಲಯದ ಪುಸ್ತಕಗಳಿಂದ ತಾನೇ ಕಲಿತವನು ನೂರು ಡಾಲರಿನ ಆಸುಪಾಸಿನ ಶುಲ್ಕ ಕಟ್ಟಿ, ಒಂದೆರಡು ಗಂಟೆಯ ಪರೀಕ್ಷೆ ಬರೆದು ತೇರ್ಗಡೆಯಾದರೆ, ಅದನ್ನು ಒಪ್ಪುವ ಕಾಲೇಜುಗಳಲ್ಲಿ ಅವನಿಗೆ ಮೂರೋ ಅದಕ್ಕಿಂತ ಹೆಚ್ಚೋ ಕ್ರೆಡಿಟ್ ದೊರೆಯುತ್ತದೆ. ಅದೇ ಪಾಠವನ್ನು ಕಾಲೇಜಿನಲ್ಲಿ ಓದಿದ್ದರೆ ಆಗಬಹುದಾಗಿದ್ದ ವೆಚ್ಚ ಇದರ ಎಷ್ಟೋ ಪಟ್ಟು. ಮುಂದೆ ನ್ಯೂಜೆರ್ಸಿ ಸಂಸ್ಥಾನದವರು 1972ರಲ್ಲಿ ಹೀಗೆ ಹೊರಗೆ ಗಳಿಸಿದ ವಿದ್ಯೆಯನ್ನು ಕೂಡಿಸಿ ಪದವಿ ಕೊಡುವುದಕ್ಕಾಗಿಯೇ ಒಂದು ಕಾಲೇಜನ್ನು ಸ್ಥಾಪಿಸಿ, ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದೆಯೇ ಮಹಾ ಸಂಶೋಧಕನಾದ ತಾಮಸ್ ಎಡಿಸನ್ನನ ಹೆಸರನ್ನು ಅದಕ್ಕಿಟ್ಟರು. ಆ ಹೆಸರಿನಲ್ಲಿ ಒಂದು ತತ್ತ್ವವೇ ಅಡಗಿದೆಯೆಂದು ನನ್ನ ಭಾವನೆ.

ನಮ್ಮ ದೇಶದಲ್ಲಿ ಈ ದಾರಿ ನಿಧಾನವಾಗಿ, ಆದರೆ ನಿಶ್ಚಿತವಾಗಿ ತೆರೆದಿದೆ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಮೂಲಕ ಪಾಠ ಕಳುಹಿಸಲು ಪ್ರಾರಂಭಿಸಿತು. ಆ ದಶಕ ಮುಗಿಯುವ ಮುನ್ನವೇ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣಕ್ಕೆ ಕೈಹಾಕಿತು. ಜನರು ‘ಕರೆಸ್ಪಾಂಡೆನ್ಸ್’ ಎಂದು ಕರೆದು ಅದರ ಉಪಯೋಗ ಪಡೆದರು. ಹೈದರಾಬಾದಿನಲ್ಲಿ 1982ರಲ್ಲಿ ದೇಶದ ಮೊದಲನೆಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅದರ ಮೊದಲ ಕುಲಪತಿಗಳಾಗಿದ್ದ ಜಿ. ರಾಮರೆಡ್ಡಿಯವರೇ 1985ರಲ್ಲಿ ಸ್ಥಾಪಿತವಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯಕ್ಕೂ ಮೊದಲ ಕುಲಪತಿಗಳಾದರು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರ ರೂಪವನ್ನು ತಾಳಿತು. ಇವುಗಳ ಪೈಕಿ ಇಗ್ನೋ ಎಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಸಂಸ್ಥೆಯು ಪ್ರಾರಂಭದಿಂದಲೂ ವಿದ್ಯಾರ್ಥಿಯ 30 ಗಂಟೆಗಳ ಸಮಸ್ತ ಶ್ರಮವನ್ನು, ಅಂದರೆ ಓದುವುದು, ಬರೆಯುವುದು, ಕೇಳುವುದು, ಚರ್ಚಿಸುವುದು ಎಲ್ಲವನ್ನೂ ಸೇರಿಸಿ, ಒಂದು ಕ್ರೆಡಿಟ್ ಎಂದು ಎಣಿಸುತ್ತ ಬಂದಿದೆ. ಕಾರ್ನೆಗಿಯ ಗಂಟೆ ತರಗತಿಯ ಗಂಟೆಯಾಗಿದ್ದರೆ, ಈ ಗಂಟೆಯನ್ನು ಅಡಿಗೆಯ ಮನೆಯಲ್ಲಿಯೂ ಕಳೆಯಬಹುದು, ರೈಲಿನಲ್ಲಿಯೂ ಕಳೆಯಬಹುದು. ನನ್ನ ದೃಷ್ಟಿಯಲ್ಲಿ ಇದೊಂದು ಮೌನವಾದ ಮಹಾಕ್ರಾಂತಿ.

ಕಳೆದ ಕೆಲವು ವರ್ಷಗಳಲ್ಲಿ ಇದಕ್ಕೆ ಇನ್ನೂ ಎರಡು ಸಾಧನಗಳು ಒದಗಿವೆ. ಮೊದಲನೆಯದು 2017ರಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ‘ಸ್ವಯಂ’ ಎಂಬ ಅಂತರ್ಜಾಲ ಪಾಠಮಾಲೆ. ಐ.ಐ.ಟಿ.ಗಳೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಎಂಬ ಹೆಸರಿನಲ್ಲಿ ಬಹುಕಾಲದಿಂದ ಸಿದ್ಧಪಡಿಸುತ್ತ ಬಂದ ಪಾಠಗಳೂ, ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ವಾಣಿಜ್ಯ ಮತ್ತು ನಿರ್ವಹಣೆಯ ಪಾಠಗಳೂ ಇದರಲ್ಲಿ ಸೇರಿವೆ. ಪಾಠ ಕೇಳುವುದಕ್ಕೆ ಹಣ ಕೊಡಬೇಕಾದುದಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಸಾವಿರ ರೂಪಾಯಿಯ ಆಸುಪಾಸಿನ ಶುಲ್ಕವನ್ನು ಕಟ್ಟಿ, ಗೊತ್ತಾದ ಕೇಂದ್ರದಲ್ಲಿ ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಗೆ ಕೂರಬೇಕು. ಹೀಗೆ ಗಳಿಸಿದ ಕ್ರೆಡಿಟ್ಟನ್ನು ಪದವಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮಿತಿಯನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2016ರ ನಿಯಮದಲ್ಲಿ ಶೇಕಡಾ 20ಕ್ಕೆ ನಿಲ್ಲಿಸಿದ್ದಿತು. 2021ರಲ್ಲಿ ಅದನ್ನು ಶೇಕಡಾ 40ಕ್ಕೆ ಏರಿಸಿತು. ಎರಡನೆಯ ಸಾಧನ ಅದೇ 2021ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕು. ವಿದ್ಯಾರ್ಥಿಯು ನೋಂದಾಯಿತ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್ಟುಗಳು ಅವನ ಹೆಸರಿನ ಖಾತೆಯಲ್ಲಿ ಜಮೆಯಾಗಿ, ಸಾಮಾನ್ಯವಾಗಿ ಗರಿಷ್ಠ 7 ವರ್ಷ ಚಾಲ್ತಿಯಲ್ಲಿರುತ್ತವೆ.

ಇದರ ಪ್ರಯೋಜನ ಎಂಥದೆಂಬುದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಯಸುತ್ತೇನೆ. ಹೋಬಳಿಯೊಂದರ ಹುಡುಗಿ ಪ್ರಥಮದರ್ಜೆ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷವನ್ನು ಮುಗಿಸಿ, ಮದುವೆಯಾಗಿ ದೂರದ ಊರಿಗೆ ಹೋದಳೆಂದು ಭಾವಿಸಿ. ಹಿಂದಿನ ಕಾಲವಾಗಿದ್ದರೆ ಆ ಒಂದು ವರ್ಷ ನೀರಿನಲ್ಲಿ ಮಾಡಿದ ಹೋಮ. ಈಗ, ಅವಳ ಕಾಲೇಜು ನಿಯಮಾನುಸಾರವಾಗಿ ದಾಖಲೆ ಒಪ್ಪಿಸಿದ್ದರೆ, ವರ್ಷವೊಂದಕ್ಕೆ ಗೊತ್ತುಮಾಡಿರುವ 40 ಕ್ರೆಡಿಟ್ಟುಗಳು ಅವಳ ಖಾತೆಯಲ್ಲಿ ಉಳಿದಿವೆ. ಮೂರು ವರ್ಷದ ಪದವಿಗೆ ಬೇಕಾದುದು ಕನಿಷ್ಠ 120. ಮಗು ಎರಡು ವರ್ಷದ್ದಾದ ಮೇಲೆ ಅವಳು ವರ್ಗಾವಣೆಯನ್ನು ಒಪ್ಪುವ ಒಂದು ಮುಕ್ತ ವಿಶ್ವವಿದ್ಯಾನಿಲಯವನ್ನು ಸೇರುತ್ತಾಳೆ. ಪದವಿ ಕೊಡುವ ಸಂಸ್ಥೆಯಲ್ಲಿಯೇ ಅರ್ಧದಷ್ಟನ್ನು ಗಳಿಸಬೇಕೆಂಬುದು ಬ್ಯಾಂಕಿನ ಕಟ್ಟಳೆಯಾದುದರಿಂದ ಅಲ್ಲಿ 60 ಕ್ರೆಡಿಟ್ಟಿನ ಪಾಠಗಳನ್ನು ಓದುತ್ತಾಳೆ. ಉಳಿದ 20ನ್ನು, ನಾಲ್ಕು ನಾಲ್ಕು ಕ್ರೆಡಿಟ್ಟಿನ ಐದು ಪಾಠಗಳಾಗಿ, ಸ್ವಯಂ ಮೂಲಕ ಮನೆಯಲ್ಲಿಯೇ ಕೇಳಿ ಪರೀಕ್ಷೆ ಬರೆಯುತ್ತಾಳೆ. ಅವಳ ಹೊರಗಣ ಪರೀಕ್ಷೆಗಳ ವೆಚ್ಚ ಐದು ಸಾವಿರ ರೂಪಾಯಿಯ ಸುತ್ತಮುತ್ತ. ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಶುಲ್ಕವೋ ವರ್ಷಕ್ಕೆ ಕೆಲವೇ ಸಾವಿರ. ಕೋಣೆಯ ಬಾಡಿಗೆಯಿಲ್ಲ, ಕೈಬಿಟ್ಟ ಕೂಲಿಯಿಲ್ಲ. ದೂರಶಿಕ್ಷಣದ ಪದವಿ ಸಾಂಪ್ರದಾಯಿಕ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟವಾಗಿ ಪ್ರಕಟಿಸಿರುವುದರಿಂದ, ಅವಳ ಪದವಿಯನ್ನು ಕೀಳಾಗಿ ಕಾಣುವುದಕ್ಕೆ ಯಾವ ಕಚೇರಿಗೂ ಅಧಿಕಾರವಿಲ್ಲ.

ಇಷ್ಟು ಸುಂದರವಾಗಿ ಕಾಣುವ ಏರ್ಪಾಡು ಕಾರ್ಯದಲ್ಲಿ ಎಡವುವ ಜಾಗಗಳನ್ನೂ ಹೇಳದೆ ಬಿಡುವುದು ತಮಗೆ ದ್ರೋಹ ಬಗೆದಂತೆ. ಸ್ವಯಂ ಪಾಠವನ್ನು ಮುಗಿಸಿದ ಮಾತ್ರಕ್ಕೆ ಕ್ರೆಡಿಟ್ ತಾನಾಗಿ ಬರುವುದಿಲ್ಲ. ಆ ಪಾಠ ತನ್ನ ಪದವಿಗೆ ಸಲ್ಲುತ್ತದೆಂದು ವಿದ್ಯಾರ್ಥಿಯ ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತು ಒಪ್ಪಿರಬೇಕು. ಈ ಒಪ್ಪಿಗೆಯನ್ನು ಕೊಡುವುದರಲ್ಲಿ ನಮ್ಮ ಸಂಸ್ಥೆಗಳು ತೋರುವ ಸಂಕೋಚ ನನಗೆ ಸರಿಕಾಣುವುದಿಲ್ಲ. ವಿದ್ಯಾರ್ಥಿ ಹೊರಗೆ ಓದಿದರೆ ತಮ್ಮ ಕೆಲಸಕ್ಕೆ ಕುಂದು ಬಂದೀತೆಂಬ ಭಯ ಅಧ್ಯಾಪಕರಲ್ಲಿ ಕೆಲವರಿಗಿದೆ. ಆ ಭಯ ನಿರಾಧಾರವೆಂದು ನಾನು ಹೇಳಲಾರೆ, ಏಕೆಂದರೆ ಪಾಠದ ವೇಳೆಯನ್ನು ಲೆಕ್ಕಹಾಕಿ ಹುದ್ದೆಗಳನ್ನು ಕೊಡುವ ಆಡಳಿತ ನಮ್ಮದು. ಆದರೆ ಅದರ ಪರಿಹಾರವನ್ನು ಸರ್ಕಾರದೊಡನೆ ಇತ್ಯರ್ಥಪಡಿಸಿಕೊಳ್ಳಬೇಕೇ ವಿನಾ, ಬಾಗಿಲಿಗೆ ಬಂದ ಬಡ ವಿದ್ಯಾರ್ಥಿಯ ಗಳಿಕೆಯನ್ನು ತಿರಸ್ಕರಿಸುವುದು ನ್ಯಾಯವಲ್ಲ.

ಭಾಷೆಯ ತೊಡಕು ಇದಕ್ಕಿಂತಲೂ ದೊಡ್ಡದು. ಸ್ವಯಂ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ಇವೆ. ಇಂಗ್ಲಿಷ್ ಬಲ್ಲ ನಗರದ ಹುಡುಗನಿಗೆ ಕಾಲೇಜೂ ಹತ್ತಿರ, ಈ ಪಾಠವೂ ಹತ್ತಿರ. ಯಾರಿಗಾಗಿ ಈ ದಾರಿ ನಿರ್ಮಿತವಾಯಿತೋ ಅವರಿಗೇ ಅದು ದೂರವಾದರೆ ಶ್ರಮವೆಲ್ಲ ವ್ಯರ್ಥ. ಅಂಚೆ ಶಿಕ್ಷಣದ ಕಾಲದಿಂದಲೂ ಕನ್ನಡದಲ್ಲಿ ಪಾಠಗಳನ್ನು ಬರೆದು ಅಚ್ಚುಮಾಡಿಸಿರುವ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವೂ, ನಮ್ಮ ಇತರ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳೂ ಒಟ್ಟುಗೂಡಿ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವಾಣಿಜ್ಯ, ಕನ್ನಡ ಸಾಹಿತ್ಯ ಇಷ್ಟು ವಿಷಯಗಳಲ್ಲಾದರೂ ಕನ್ನಡದ ಸಂಪೂರ್ಣ ಪಾಠಮಾಲೆಗಳನ್ನು ಅಂತರ್ಜಾಲಕ್ಕೆ ಸಿದ್ಧಪಡಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳಿಗೂ ತಕ್ಕ ಪರಿಶೀಲನೆ ನಡೆಸಿ, ಕನ್ನಡ ಐಚ್ಛಿಕ ವಿಷಯದಲ್ಲಿ ಇಂತಿಷ್ಟು ಕ್ರೆಡಿಟ್ ಎಂದು ಏಕೆ ಗೊತ್ತುಮಾಡಬಾರದು? ಛಂದಸ್ಸನ್ನೂ ಅಲಂಕಾರವನ್ನೂ ಬಲ್ಲ ಹಳ್ಳಿಯ ಉಪಾಧ್ಯಾಯಿನಿ ಅದನ್ನು ಪುನಃ ಮೊದಲಿನಿಂದ ಕಲಿತಳೆಂದು ನಟಿಸಬೇಕಾಗಿರುವುದು ವಿದ್ಯೆಗೂ ಗೌರವವಲ್ಲ, ಅವಳಿಗೂ ಗೌರವವಲ್ಲ.

ಮನೆಯಲ್ಲಿ ಒಬ್ಬರೇ ಕುಳಿತು ಓದಿದ ವಿದ್ಯೆ ಕಾಲೇಜಿನ ವಿದ್ಯೆಗೆ ಸಮವಾದೀತೇ ಎಂದು ಹಿರಿಯರು ಕೇಳುವುದುಂಟು. ಪರೀಕ್ಷೆ ಪ್ರಾಮಾಣಿಕವಾಗಿ ನಡೆದರೆ ತಿಳಿವಿನಲ್ಲಿ ಕೊರತೆಯಾಗಬೇಕಾದ ಕಾರಣವಿಲ್ಲ. ಆದರೆ ಸಹಪಾಠಿಗಳ ಸಂಗ, ಒಳ್ಳೆಯ ಗುರುವಿನ ಕಣ್ಣೆದುರಿನ ಮಾತು, ವಾದವಿವಾದದಲ್ಲಿ ಬುದ್ಧಿ ಹರಿತವಾಗುವ ಸುಖ, ಇವು ದೂರಶಿಕ್ಷಣದಲ್ಲಿ ಕಡಮೆಯೆಂಬುದನ್ನು ಒಪ್ಪಲೇಬೇಕು. ಓದನ್ನು ನಡುವೆಯೇ ಬಿಟ್ಟುಬಿಡುವವರು ಇಲ್ಲಿ ಹೆಚ್ಚು, ಮತ್ತು ಅವರು ಬಿಡುವುದು ದಡ್ಡತನದಿಂದಲ್ಲ, ಒಂಟಿತನದಿಂದ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ಜೀವ ಪಡೆಯುತ್ತಿವೆ. ಅಲ್ಲಿ ವಾರಕ್ಕೊಂದು ಸಂಜೆ, ಊರಿನ ನಿವೃತ್ತ ಉಪಾಧ್ಯಾಯರೊಬ್ಬರ ಸಮ್ಮುಖದಲ್ಲಿ, ಹೀಗೆ ಓದುತ್ತಿರುವ ಐದಾರು ಮಂದಿ ಒಟ್ಟಿಗೆ ಕುಳಿತುಕೊಳ್ಳುವಂತಾದರೆ, ಪರೀಕ್ಷೆಯವರೆಗೆ ನಿಲ್ಲುವವರ ಸಂಖ್ಯೆ ಹೆಚ್ಚುವುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಸೇರಬಯಸುವವರಿಗೆ ಕೆಲವು ಮಾತು. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ಶುಶ್ರೂಷೆ, ಔಷಧಶಾಸ್ತ್ರ, ಕೃಷಿ ಮೊದಲಾದವನ್ನು ದೂರಶಿಕ್ಷಣದಲ್ಲಿ ನಡೆಸಲು ಅನುಮತಿಯಿಲ್ಲ. ಮನೆಯಲ್ಲಿಯೇ ಕುಳಿತು ಅಂಥ ಪದವಿ ಕೊಡಿಸುತ್ತೇವೆಂದು ಯಾರಾದರೂ ಬಂದರೆ ಅವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ. ಸೇರುವ ಸಂಸ್ಥೆಗೂ, ಸೇರುವ ಪಾಠಕ್ರಮಕ್ಕೂ, ಸೇರುವ ಆ ವರ್ಷಕ್ಕೂ ಆಯೋಗದ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ದೂರಶಿಕ್ಷಣ ವಿಭಾಗವು ಅಂತರ್ಜಾಲದಲ್ಲಿ ಪ್ರಕಟಿಸುವ ಪಟ್ಟಿಯಲ್ಲಿ ನೋಡಿಕೊಳ್ಳಿ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013ರಿಂದ ಕೆಲವು ವರ್ಷ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ದೊರೆತ ಸಂಗತಿ ತಮಗೆ ನೆನಪಿರಬಹುದು. ಆ ನಡುವಿನ ವರ್ಷಗಳಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು. ಹಿಂದೆ ಎಲ್ಲಿಯಾದರೂ ಒಂದೆರಡು ಸೆಮಿಸ್ಟರ್ ಓದಿ ಬಿಟ್ಟಿದ್ದರೆ, ಆ ಕಾಲೇಜಿಗೆ ಹೋಗಿ ಅಂಕಪಟ್ಟಿಯನ್ನು ಪಡೆದು, ಕ್ರೆಡಿಟ್ ಬ್ಯಾಂಕಿನ ಖಾತೆಗೆ ಆ ಸೆಮಿಸ್ಟರುಗಳ ಕ್ರೆಡಿಟ್ಟುಗಳು ಜಮೆಯಾಗಿವೆಯೇ ಎಂದು ವಿಚಾರಿಸಿ. ಆಗಿಲ್ಲವಾದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವಯಂ ಪಾಠಕ್ಕೆ ಹೆಸರು ಕೊಡುವ ಮುಂಚೆ, ಅದು ತಮ್ಮ ಪದವಿಗೆ ಸಲ್ಲುತ್ತದೆಂದು ವಿಶ್ವವಿದ್ಯಾನಿಲಯದಿಂದ ಬರೆಹದಲ್ಲಿಯೇ ಉತ್ತರ ಪಡೆಯುವುದು ಲೇಸು. ಮುಕ್ತ ವಿಶ್ವವಿದ್ಯಾನಿಲಯಗಳಿಗೆ ಪ್ರವೇಶ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ ನಡೆಯುತ್ತದೆ. ಒಂದು ತಪ್ಪಿದವರು ಇನ್ನೊಂದಕ್ಕೆ ಸಿದ್ಧರಾಗಬಹುದು. ವಯಸ್ಸಿನ ಮೇಲಣ ಮಿತಿ ಇಲ್ಲ.